ವ್ಯಸನಮುಕ್ತಿ ಚಿಕಿತ್ಸೆಯ ಹಂತಗಳು: ಶಿಬಿರದ ಆಚೆಗಿನ ಲೆಕ್ಕ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಪರಿಸರದ ಗೇರುಬೀಜ ಕಾರ್ಖಾನೆ, ಹಂಚಿನ ಕಾರ್ಖಾನೆ, ಅಕ್ಕಿ ಗಿರಣಿ ಅಥವಾ ಅಡಿಕೆ ಮಳಿಗೆಗಳ ಮುಂಗಡದ ಖಾತೆಯನ್ನು ತೆರೆದರೆ, ವಸೂಲಾಗದೆ ವರ್ಷದಿಂದ ವರ್ಷಕ್ಕೆ ಮುಂದೆ ಸಾಗುವ ಒಂದೆರಡು ಹೆಸರುಗಳು ಕಾಣುವುದುಂಟು. ಅವುಗಳಲ್ಲಿ ಕೆಲವು ಕುಡಿತಕ್ಕೆ ಬಿದ್ದ ಕೆಲಸಗಾರರವು. ವಿಷಾದದ ಸಂಗತಿಯೆಂದರೆ, ಇಂಥವರು ಬಹುತೇಕ ನುರಿತ ಕೈಗಳೇ ಆಗಿರುತ್ತಾರೆ. ಇಲ್ಲದಿದ್ದರೆ ಅಷ್ಟೊಂದು ಮುಂಗಡವನ್ನು ಯಾರೂ ಕೊಡುತ್ತಿರಲಿಲ್ಲ.

ಈ ಸಂದರ್ಭದಲ್ಲಿ ಮಾಲೀಕರು ಸಾಮಾನ್ಯವಾಗಿ ಎರಡರಲ್ಲೊಂದು ನಿರ್ಧಾರ ಕೈಗೊಳ್ಳುತ್ತಾರೆ. ಒಂದೋ ಆತನನ್ನು ಕೆಲಸದಿಂದ ಬಿಡಿಸುತ್ತಾರೆ. ಇಲ್ಲವೇ ಮದ್ಯವರ್ಜನ ಶಿಬಿರಕ್ಕೆ ಕಳುಹಿಸಿ, ಮರಳಿ ಬಂದ ದಿನವೇ ವಿಷಯ ಮುಗಿಯಿತೆಂದು ತಿಳಿಯುತ್ತಾರೆ. ಎರಡನೆಯ ನಿರ್ಧಾರ ಮೊದಲನೆಯದಕ್ಕಿಂತ ಎಷ್ಟೋ ಮೇಲು. ಆದರೆ ಚಿಕಿತ್ಸೆಯೆಂಬುದು ಒಂದು ವಾರದ ಘಟನೆಯಲ್ಲ. ಅದಕ್ಕೆ ಹಂತಗಳಿವೆ, ಅವುಗಳಲ್ಲಿ ಅತ್ಯಂತ ದೀರ್ಘವಾದ ಹಂತ ನಡೆಯುವುದು ಆತ ಕೆಲಸಕ್ಕೆ ಮರಳಿದ ಮೇಲೆ, ಅಂದರೆ ಮಾಲೀಕರ ಕಣ್ಣೆದುರಿನಲ್ಲೇ.

ಗುರುತಿಸುವ ಹಂತ

ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನು 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆಯು ಮಾನಸಿಕ ಕಾಯಿಲೆಯ ವ್ಯಾಖ್ಯೆಯಲ್ಲಿಯೇ ಸೇರಿಸಿದೆ. ಆದುದರಿಂದ ಆರಂಭ ವೈದ್ಯಕೀಯ ತಪಾಸಣೆಯಿಂದಲೇ ಆಗಬೇಕು. ವಿಶ್ವ ಆರೋಗ್ಯ ಸಂಸ್ಥೆಯು ರೂಪಿಸಿದ ಹತ್ತು ಪ್ರಶ್ನೆಗಳ ಒಂದು ಸರಳ ಪರೀಕ್ಷೆಯಿದೆ. 40 ಅಂಕಗಳಲ್ಲಿ 8 ಅಥವಾ ಹೆಚ್ಚು ಬಂದರೆ ಕುಡಿತ ಅಪಾಯದ ಮಟ್ಟಕ್ಕೆ ಬಂದಿದೆಯೆಂದು ಅರ್ಥ. ಎಲ್ಲರಿಗೂ ಒಳರೋಗಿಯಾಗಿ ಸೇರುವ ಅಗತ್ಯ ಬೀಳದು. ಕೆಲವರಿಗೆ ವೈದ್ಯರ ಸಲಹೆ ಮತ್ತು ಮರುಭೇಟಿಗಳೇ ಸಾಕಾಗುತ್ತವೆ. ಇದನ್ನು ನಿರ್ಧರಿಸಬೇಕಾದವರು ವೈದ್ಯರೇ ಹೊರತು ಮೇಸ್ತ್ರಿಯಲ್ಲ. ಮಂಗಳೂರಿನ ವೆನ್‌ಲಾಕ್ ಜಿಲ್ಲಾ ಆಸ್ಪತ್ರೆಯವರೆಗೆ ಹೋಗುವ ಮುನ್ನ ತಾಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರು ಲಭ್ಯವಿರುವ ದಿನವನ್ನು ವಿಚಾರಿಸಬಹುದು. ದೂರವಾಣಿಯಲ್ಲಿ ಸಲಹೆ ಬೇಕಿದ್ದವರಿಗೆ 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಯಿದೆ.

ನಂಜು ಇಳಿಸುವ ಹಂತ

ಎಲ್ಲಕ್ಕಿಂತ ಹೆಚ್ಚು ಅಪಾಯಕಾರಿಯಾದ, ಆದರೆ ಬಹುತೇಕ ಮಾಲೀಕರಿಗೆ ತಿಳಿಯದ ಹಂತವಿದು. ಅನೇಕ ವರ್ಷ ಪ್ರತಿದಿನ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ ಸುಮಾರು 6ರಿಂದ 24 ಗಂಟೆಗಳೊಳಗೆ ಕೈನಡುಕ, ಬೆವರು, ವಾಂತಿ, ನಿದ್ರಾಹೀನತೆ ಕಾಣಿಸಿಕೊಳ್ಳುತ್ತವೆ. ಕೆಲವರಿಗೆ ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರುತ್ತದೆ. ಎರಡರಿಂದ ನಾಲ್ಕನೆಯ ದಿನದ ನಡುವೆ ಕೆಲವರಿಗೆ ಸನ್ನಿ ಹಿಡಿಯುವುದುಂಟು. ಇಲ್ಲದ್ದು ಕಾಣುವುದು, ಗುರುತು ತಪ್ಪುವುದು, ಜ್ವರ, ಎದೆಬಡಿತದ ಏರಿಕೆ ಇದರ ಲಕ್ಷಣಗಳು. ಚಿಕಿತ್ಸೆ ದೊರೆಯದಿದ್ದರೆ ಇದು ಪ್ರಾಣಕ್ಕೇ ಎರವಾಗಬಲ್ಲದು. ಮನೆಯವರು ಇದನ್ನು ದೈವದ ಉಪದ್ರವವೆಂದು ತಿಳಿದು ಅಮೂಲ್ಯವಾದ ಒಂದೆರಡು ದಿನ ಕಳೆದುಕೊಳ್ಳುವ ಸಾಧ್ಯತೆಯೂ ಇದೆ.

'ಇಂದಿನಿಂದ ಒಂದು ತೊಟ್ಟೂ ಮುಟ್ಟಕೂಡದು' ಎಂದು ಆಣೆ ಹಾಕಿಸಿ, ಕಾರ್ಖಾನೆಯ ಕೊಠಡಿಯಲ್ಲೇ ಇರಿಸಿಕೊಳ್ಳುವ ಧಣಿಯ ಉದ್ದೇಶ ಒಳ್ಳೆಯದೇ. ಆದರೆ ಅದು ಚಿಕಿತ್ಸೆಯಲ್ಲ. ಭಾನುವಾರ ಕುಡಿತ ಬಿಟ್ಟವನನ್ನು ಸೋಮವಾರ ಬಾಯ್ಲರಿನ ಮುಂದೆ ನಿಲ್ಲಿಸುವುದಂತೂ ಕೂಡದು. ಆಸ್ಪತ್ರೆಯಲ್ಲಿ ನಡುಕ ಮತ್ತು ಫಿಟ್ಸ್ ತಡೆಯುವ ಔಷಧಿಗಳನ್ನು ಕೊಟ್ಟು ಕೆಲವು ದಿನಗಳಲ್ಲಿ ಕ್ರಮೇಣ ಇಳಿಸಲಾಗುತ್ತದೆ. ಮೆದುಳಿನ ರಕ್ಷಣೆಗಾಗಿ ಥಯಮಿನ್ ಎಂಬ ಬಿ1 ಜೀವಸತ್ವವನ್ನು ನೀಡಲಾಗುತ್ತದೆ. ಸಾಮಾನ್ಯವಾಗಿ ಒಂದು ವಾರದ ಆಸುಪಾಸಿನಲ್ಲಿ ಶರೀರ ಹತೋಟಿಗೆ ಬರುತ್ತದೆ. ಊಟ ಸೇರುತ್ತದೆ, ಮುಖದಲ್ಲಿ ಕಳೆ ಬರುತ್ತದೆ. ಇದನ್ನೇ ಗುಣವೆಂದು ಭಾವಿಸುವುದು ಸಹಜ. ಶರೀರದ ನಂಜು ಇಳಿದಿದೆ, ಅಷ್ಟೆ. ಕುಡಿಯಬೇಕೆಂಬ ತುಡಿತ ಇನ್ನೂ ಹಾಗೆಯೇ ಇರುತ್ತದೆ.

ಶಿಬಿರ ಮತ್ತು ಆಪ್ತಸಮಾಲೋಚನೆ

ಈ ತುಡಿತವನ್ನು ಎದುರಿಸಲು ಕಲಿಸುವುದು ಮೂರನೆಯ ಹಂತ. ಈ ವಿಷಯದಲ್ಲಿ ಬೆಳ್ತಂಗಡಿ ತಾಲೂಕಿಗೆ ರಾಜ್ಯದಲ್ಲಿಯೇ ವಿಶಿಷ್ಟ ಸ್ಥಾನವಿದೆ. 1982ರಲ್ಲಿ ಆರಂಭವಾದ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಕಾರ್ಯಕ್ಷೇತ್ರದಲ್ಲಿ, ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಮಾರ್ಗದರ್ಶನದಲ್ಲಿ 1990ರ ದಶಕದಲ್ಲಿ ಜನಜಾಗೃತಿ ವೇದಿಕೆ ರೂಪುಗೊಂಡಿತು. ಊರಿನ ಸಭಾಭವನ ಅಥವಾ ಕಲ್ಯಾಣಮಂಟಪದಲ್ಲಿ ಸುಮಾರು ಎಂಟು ದಿನ ನಡೆಯುವ ಮದ್ಯವರ್ಜನ ಶಿಬಿರ ಅಲ್ಲಿಂದ ರಾಜ್ಯದಾದ್ಯಂತ ಹಬ್ಬಿತು. ಊರವರೇ ವ್ಯವಸ್ಥಾಪನಾ ಸಮಿತಿ ರಚಿಸಿಕೊಳ್ಳುವುದು ಇದರ ಕ್ರಮ. ಅಕ್ಕಿ, ತರಕಾರಿ, ಧನಸಹಾಯ ಬರುವುದರಲ್ಲಿ ಸ್ಥಳೀಯ ವ್ಯಾಪಾರಿಗಳ ಪಾಲೂ ಇದೆ. ವ್ಯಾಯಾಮ, ಭಜನೆ, ಗುಂಪು ಚರ್ಚೆ, ಆಪ್ತಸಲಹೆಗಳ ಜೊತೆಗೆ ಪತ್ನಿ ಮತ್ತು ಮನೆಯವರನ್ನೂ ಕರೆಸಿ ಮಾತನಾಡಿಸಲಾಗುತ್ತದೆ. ಇದಲ್ಲದೆ ಬೆಳ್ತಂಗಡಿ ಸಮೀಪದ ಲಾಯಿಲದಲ್ಲಿ ವ್ಯಸನಮುಕ್ತಿ ಕೇಂದ್ರವಿದೆ.

ಶಿಬಿರದ ದೊಡ್ಡ ಬಲವೆಂದರೆ ಊರಿನ ಎದುರು ಕೊಟ್ಟ ಮಾತು. ಆದರೆ ಹಿಂದೆ ಫಿಟ್ಸ್ ಬಂದವರು, ಯಕೃತ್ತು ಕೆಟ್ಟವರು, ಸನ್ನಿಯ ಲಕ್ಷಣವಿರುವವರು ಮೊದಲು ಆಸ್ಪತ್ರೆಗೆ ಹೋಗಬೇಕು. ಕಳುಹಿಸುವ ಮಾಲೀಕರು ಇಂತಹ ಹಿನ್ನೆಲೆಯನ್ನು ಮುಚ್ಚಿಡದೆ ತಿಳಿಸುವುದು ಅಗತ್ಯ.

ತುಡಿತ ತಗ್ಗಿಸಲು ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಮುಂತಾದ ಔಷಧಿಗಳನ್ನು ವೈದ್ಯರು ತಿಂಗಳುಗಟ್ಟಲೆ ಬರೆದುಕೊಡುವುದುಂಟು. ಡೈಸಲ್ಫಿರಾಮ್ ಬೇರೆಯೇ ಬಗೆಯದು. ಅದನ್ನು ಸೇವಿಸುತ್ತಿರುವವನು ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ರಕ್ತದೊತ್ತಡ ಕುಸಿಯುತ್ತದೆ. ಹೇಳದೆ ಕೇಳದೆ ಸಾರಿನಲ್ಲಿ ಬೆರೆಸಿ ಉಣಿಸುವ 'ಕುಡಿತ ಬಿಡಿಸುವ ಪುಡಿ'ಗಳಲ್ಲಿ ಇಂತಹ ಔಷಧಿ ಇದ್ದಲ್ಲಿ, ಏನೂ ತಿಳಿಯದೆ ಕುಡಿದವನ ಜೀವಕ್ಕೇ ಅಪಾಯ. ರೋಗಿಯ ಒಪ್ಪಿಗೆ ಹಾಗೂ ವೈದ್ಯರ ನಿಗಾ ಇಲ್ಲದೆ ಇದನ್ನು ಯಾರೂ ಕೊಡಬಾರದು.

ಮಾದಕ ವಸ್ತುಗಳ ವಿಷಯದಲ್ಲಿ ಹಂತಗಳು ಇವೇ, ಔಷಧಿ ಮಾತ್ರ ಬೇರೆ. ಅಫೀಮಿನ ವರ್ಗದ ವಸ್ತುಗಳಿಗೆ ಬುಪ್ರೆನಾರ್ಫಿನ್‌ನಂತಹ ಬದಲಿ ಔಷಧಿಗಳಿವೆ. ಗಾಂಜಾಕ್ಕೆ ನಿರ್ದಿಷ್ಟ ಔಷಧಿಯಿಲ್ಲ, ಆಪ್ತಸಮಾಲೋಚನೆಯೇ ಆಧಾರ. ಪೊಲೀಸರ ಭಯದಿಂದ ಚಿಕಿತ್ಸೆಗೆ ಹಿಂಜರಿಯುವ ಕುಟುಂಬಗಳು 1985ರ ಮಾದಕ ವಸ್ತು ಕಾಯಿದೆಯ 64ಎ ಕಲಮನ್ನು ತಿಳಿದಿರಬೇಕು. ಸೇವನೆ ಅಥವಾ ಅಲ್ಪ ಪ್ರಮಾಣದ ಪ್ರಕರಣದಲ್ಲಿ ಸ್ವಇಚ್ಛೆಯಿಂದ ಮಾನ್ಯ ಕೇಂದ್ರದಲ್ಲಿ ಚಿಕಿತ್ಸೆ ಪಡೆದು ಅದನ್ನು ಪೂರ್ಣಗೊಳಿಸುವ ವ್ಯಸನಿಗೆ ಮೊಕದ್ದಮೆಯಿಂದ ವಿನಾಯಿತಿ ನೀಡಲು ಅದರಲ್ಲಿ ಅವಕಾಶವಿದೆ.

ಕೆಲಸಕ್ಕೆ ಮರಳಿದ ಮೇಲೆ

ವ್ಯಸನಕ್ಕೆ ಚಿಕಿತ್ಸೆ ಪಡೆದವರಲ್ಲಿ ಶೇ. 40ರಿಂದ 60 ಮಂದಿ ಮತ್ತೆ ಜಾರುತ್ತಾರೆಂದು ಅಮೆರಿಕದ ರಾಷ್ಟ್ರೀಯ ಮಾದಕವ್ಯಸನ ಸಂಸ್ಥೆ ಹೇಳುತ್ತದೆ. ರಕ್ತದೊತ್ತಡ, ಅಸ್ತಮಾಗಳ ಮರುಕಳಿಕೆಗೆ ಅದನ್ನು ಹೋಲಿಸುತ್ತದೆ. ಜಾರಿದವನ ಹಿಂದಿನ ಚಿಕಿತ್ಸೆ ವ್ಯರ್ಥವಾಯಿತೆಂದಲ್ಲ, ಅದನ್ನು ಮತ್ತೆ ಸರಿಹೊಂದಿಸಬೇಕೆಂದು ಅರ್ಥ. ಜನಜಾಗೃತಿ ಶಿಬಿರ ಮುಗಿಸಿದವರಿಗಾಗಿ ನವಜೀವನ ಸಮಿತಿಗಳಿರುವುದು, ನೂರು ದಿನ ಪೂರೈಸಿದವರಿಗೆ ಶತದಿನೋತ್ಸವ ನಡೆಸುವುದು ಇದೇ ಕಾರಣಕ್ಕೆ. ವಾರದ ಸಭೆಯ ಸಂಜೆ ಒಂದು ಗಂಟೆ ಮುಂಚಿತವಾಗಿ ಬಿಡುಗಡೆ ಮಾಡುವುದು ಮಾಲೀಕರಿಗೆ ಅತಿ ಕಡಿಮೆ ಖರ್ಚಿನ ಸಹಾಯ.

ಶನಿವಾರ ಸಂಜೆಯ ನಗದು ಬಟವಾಡೆ ಎರಡನೆಯ ಪ್ರಶ್ನೆ. ಕೆಲಸಗಾರನ ಲಿಖಿತ ಒಪ್ಪಿಗೆ ಪಡೆದು ವೇತನವನ್ನು ಬ್ಯಾಂಕ್ ಖಾತೆಗೆ ಜಮೆ ಮಾಡುವುದು ಸೂಕ್ತ. ಹಳೆಯ ಮುಂಗಡವನ್ನು ಮೊದಲ ತಿಂಗಳಲ್ಲೇ ಒಟ್ಟಾಗಿ ಮುರಿದುಕೊಂಡರೆ ಬರಿಗೈಯಲ್ಲಿ ಮನೆಗೆ ಹೋದವನು ಎಲ್ಲಿಗೆ ತಿರುಗುತ್ತಾನೆಂದು ಊಹಿಸುವುದು ಕಷ್ಟವಲ್ಲ. ಸಣ್ಣ ಕಂತುಗಳೇ ಲೇಸು. ಮೊದಲ ಕೆಲವು ತಿಂಗಳು ಬಾಯ್ಲರ್, ಗರಗಸ, ವಾಹನ ಚಾಲನೆಯ ಬದಲು ಬೇರೆ ಕೆಲಸ ಕೊಡುವುದು ಕ್ಷೇಮ. ಕುಡಿದ ಅಮಲಿನಿಂದಾದ ಅಪಘಾತಕ್ಕೆ ಪರಿಹಾರವಿಲ್ಲವೆಂಬ ನಂಬಿಕೆ ಮಾಲೀಕರಲ್ಲಿದೆ. 1923ರ ಕಾಯಿದೆಯಲ್ಲಿದ್ದು ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆಗೂ ಬಂದಿರುವ ಆ ವಿನಾಯಿತಿ, ಸಾವು ಅಥವಾ ಶಾಶ್ವತ ಸಂಪೂರ್ಣ ಅಂಗವೈಕಲ್ಯವಾದಾಗ ಅನ್ವಯಿಸುವುದಿಲ್ಲ.

ಚಿಕಿತ್ಸೆಯ ಅವಧಿಯಲ್ಲಿ ಮನೆ ನಡೆಯುವುದು ಹೇಗೆ? ಕಾರ್ಮಿಕ ರಾಜ್ಯ ವಿಮೆಗೆ ಒಳಪಟ್ಟ ಘಟಕದಲ್ಲಿ ದಿನಕ್ಕೆ 800 ರೂ.ನಂತೆ 26 ದಿನ ದುಡಿದು 20,800 ರೂ. ಪಡೆಯುವವನು 21,000 ರೂ. ಮಿತಿಯೊಳಗೆ ಬರುತ್ತಾನೆ. ವಂತಿಗೆಯ ಷರತ್ತು ಪೂರೈಸಿದ್ದು, ವಿಮಾ ವೈದ್ಯರು ಆತ ಕೆಲಸಕ್ಕೆ ಅಸಮರ್ಥನೆಂದು ಪ್ರಮಾಣೀಕರಿಸಿದರೆ ವೇತನದ ಶೇ. 70, ಅಂದರೆ ದಿನಕ್ಕೆ ಸುಮಾರು 560 ರೂ. ಅಸ್ವಸ್ಥತಾ ಭತ್ಯೆ ವರ್ಷಕ್ಕೆ 91 ದಿನಗಳವರೆಗೆ ದೊರೆಯಬಹುದು. ಮಾಲೀಕರು ತಿಂಗಳಿಗೆ ತೆರುವ ಶೇ. 3.25, ಅಂದರೆ 676 ರೂ. ವಂತಿಗೆಗೆ ಪ್ರತಿಯಾಗಿ ಸಿಗುವ ಈ ಸೌಲಭ್ಯವನ್ನು ಕೇಳಿ ಪಡೆಯದೆ, ಕೈಯಿಂದ ಮತ್ತೆ ಮುಂಗಡ ಕೊಡುವವರಿದ್ದಾರೆ.

ಖಾಸಗಿ ಆರೋಗ್ಯ ವಿಮೆಯನ್ನು ನೆಚ್ಚಿಕೊಂಡಿರುವವರು ಪಾಲಿಸಿಯ ಹೊರಗಿಡುವಿಕೆಗಳ ಪಟ್ಟಿಯನ್ನು ಓದಬೇಕು. ಮಾನಸಿಕ ಕಾಯಿಲೆಗೆ ದೈಹಿಕ ಕಾಯಿಲೆಯಷ್ಟೇ ರಕ್ಷಣೆ ಕೊಡಬೇಕೆಂದು 2017ರ ಕಾಯಿದೆ ಹೇಳಿದ್ದರೂ, 2019ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಸಿದ್ಧಪಡಿಸಿದ ಪ್ರಮಾಣಿತ ಹೊರಗಿಡುವಿಕೆಗಳಲ್ಲಿ ಮದ್ಯ ಮತ್ತು ಮಾದಕ ವ್ಯಸನದ ಚಿಕಿತ್ಸೆ ಹನ್ನೆರಡನೆಯದಾಗಿ ಸೇರಿದೆ. ಸಿಬ್ಬಂದಿಗಾಗಿ ಗುಂಪು ಪಾಲಿಸಿ ಮಾಡಿಸುವ ಘಟಕಗಳು ಆ ಕಲಮನ್ನು ಕೈಬಿಡಲು ಸಾಧ್ಯವೇ, ಅದಕ್ಕೆ ಕಂತು ಎಷ್ಟು ಹೆಚ್ಚುತ್ತದೆ ಎಂದು ನವೀಕರಣಕ್ಕೆ ಮೊದಲೇ ಬರಹದಲ್ಲಿ ಕೇಳಿ ಪಡೆಯುವುದು ಸೂಕ್ತ.