ಮಗನಿಗೆ ತಿಂಗಳಿಗೆ ಎಷ್ಟು ಕೊಡ್ತೀರಿ? ನಿಮಗಾದ್ರೂ ಗೊತ್ತಾ?

ಒಂದು ರಾತ್ರಿ ಒಂಬತ್ತರ ಬುಲೆಟಿನ್ ಮುಗಿಸಿ, ಮೈಕ್ ಬಿಚ್ಚಿಟ್ಟು ಕಾಫಿ ಲೋಟ ಕೈಗೆ ತಗೊಂಡಿದ್ದೆ ಅಷ್ಟೆ. ಫೋನ್ ಬಂತು. ತಿಪಟೂರು ಕಡೆಯವರು. ತೆಂಗಿನ ತೋಟ ಇದೆ, ಕೊಬ್ಬರಿ ಮಾರಿ ಸಂಸಾರ ನಡೆಸೋರು. ಪರಿಚಯದವರೊಬ್ಬರ ಹತ್ತಿರ ನನ್ನ ನಂಬರ್ ತಗೊಂಡಿದ್ರು.

'ಸಾರ್, ದಿನಾ ಟೀವಿಲಿ ನೋಡ್ತೀವಿ ನಿಮ್ಮನ್ನ. ಒಂದು ಮಾತು ಕೇಳ್ಬೇಕಿತ್ತು. ಬೆಂಗಳೂರಲ್ಲಿ ಇಂಜಿನಿಯರಿಂಗ್ ಓದೋ ಹುಡುಗನಿಗೆ ಕೈಖರ್ಚಿಗೆ ಎಷ್ಟು ಕೊಡ್ಬೇಕು ಸಾರ್?'

'ನೀವೆಷ್ಟು ಕೊಡ್ತಿದೀರಿ ಯಜಮಾನ್ರೇ?'

'ಮೂರು ಸಾವಿರ. ಪೀಜಿ ಬಾಡಿಗೆ ಬೇರೆ, ಅದನ್ನ ನಾನೇ ಕಟ್ತೀನಿ. ಮಧ್ಯೆ ಮಧ್ಯೆ ಕೇಳಿದ್ರೆ ಐನೂರು, ಸಾವಿರ ಹಾಕ್ತೀನಿ.'

'ಒಂದು ಕೆಲಸ ಮಾಡಿ. ದುಡ್ಡು ಹಾಕೋ ಆ್ಯಪ್ ತೆಗೀರಿ. ಹೋದ ತಿಂಗಳು ಮಗನಿಗೆ ಹಾಕಿದ್ದನ್ನೆಲ್ಲ ಕೂಡಿ, ಆಮೇಲೆ ಫೋನ್ ಮಾಡಿ' ಅಂದೆ.

ಕಾಲು ಗಂಟೆ ಬಿಟ್ಟು ಮಾಡಿದ್ರು. ದನಿ ಬದಲಾಗಿತ್ತು. ಹದಿನಾಲ್ಕು ಸಲ ಹಾಕಿದ್ದಾರೆ. ಒಟ್ಟು 8,700 ರೂಪಾಯಿ. ಮೂರು ಸಾವಿರ ಕೊಡ್ತಿದೀನಿ ಅಂತ ಅವರು ಸುಳ್ಳು ಹೇಳಿರಲಿಲ್ಲ. ಅವರಿಗೇ ಗೊತ್ತಿರಲಿಲ್ಲ.

ಸ್ವಲ್ಪ ಹೊತ್ತು ಸುಮ್ಮನಿದ್ದು ಆಮೇಲೆ ಮೆಲ್ಲಗೆ ಹೇಳಿದ್ರು: 'ನಿನ್ನೆಯಿಂದ ಯಾರೋ ಹಿಂದೀಲಿ ಫೋನ್ ಮಾಡ್ತವ್ರೆ ಸಾರ್. ನಿಮ್ಮ ಮಗ ಸಾಲ ತಗೊಂಡವ್ನೆ, ಕಟ್ಟಿ ಅಂತವ್ರೆ.'

ಅವರು ಫೋನ್ ಮಾಡಿದ್ದೇ ಅದಕ್ಕೆ. ಎಷ್ಟು ಕೊಡಬೇಕು ಅನ್ನೋದು ನೆಪ.

ನೋಡಿ, ಕೈಖರ್ಚಿನ ವಿಷಯ ಅಂದ್ರೆ ನಾವು ಹಗುರವಾಗಿ ಮಾತಾಡ್ತೀವಿ. 'ನಮ್ಮ ಕಾಲದಲ್ಲಿ ಹತ್ತು ರೂಪಾಯೀಲಿ ತಿಂಗಳು ಕಳೀತಿದ್ವಿ' ಅಂತ ಒಂದು ಭಾಷಣ ಬಿಗೀತೀವಿ. ಇಲ್ಲಾಂದ್ರೆ 'ನಾವು ಪಟ್ಟ ಕಷ್ಟ ಮಕ್ಕಳಿಗೆ ಬೇಡ' ಅಂತ ಕೇಳಿದಷ್ಟು ಹಾಕ್ತೀವಿ. ಎರಡೂ ಲೆಕ್ಕ ಅಲ್ಲ ಸ್ವಾಮಿ. ಎರಡೂ ಬರೀ ಭಾವನೆ.

ಹಾಗಾದ್ರೆ ಲೆಕ್ಕ ಅಂದ್ರೆ ಏನು? ಮರುದಿನ ಆ ಹುಡುಗನನ್ನೇ ಫೋನಲ್ಲಿ ಕೂರಿಸಿಕೊಂಡು ಒಂದು ಪಟ್ಟಿ ಬರೆಸಿದೆ. ಬೆಳಗಿನ ತಿಂಡಿ, ರಾತ್ರಿ ಊಟ ಪೀಜಿಯದು. ಮಧ್ಯಾಹ್ನ ಕಾಲೇಜ್ ಕ್ಯಾಂಟೀನ್: ದಿನಕ್ಕೆ 70ರಂತೆ 22 ದಿನಕ್ಕೆ 1,540. ಭಾನುವಾರ ರಾತ್ರಿ ಪೀಜಿಯಲ್ಲಿ ಅಡುಗೆ ಇಲ್ಲ, ಹೊರಗೆ ತಿನ್ನಬೇಕು: ನಾಲ್ಕು ವಾರಕ್ಕೆ 600. ಬಸ್ಸು, ಮೆಟ್ರೊ 800. ಮೊಬೈಲ್ ರೀಚಾರ್ಜ್ 300. ಸೋಪು, ಎಣ್ಣೆ, ಕಟಿಂಗ್ 400. ಜೆರಾಕ್ಸ್, ಪ್ರಿಂಟ್ 200. ಕೂಡಿದ್ರೆ 3,840.

ಈಗ ಹೇಳಿ, ಅಪ್ಪ ಕೊಡ್ತಿದ್ದದ್ದು 3,000. ಅಂದ್ರೆ ಹುಡುಗ ಒಂದು ಸಿನಿಮಾ ನೋಡದೆ, ಒಂದು ಟೀ ಹೊರಗೆ ಕುಡಿಯದೆ ಇದ್ರೂ 840 ರೂಪಾಯಿ ಸಾಲದು. ಕೇಳಲೇಬೇಕು. ಮೊದಲ ಸಲ ಊಟಕ್ಕೆ ಅಂತ ಕೇಳಿದ. ಅಪ್ಪ ಹಾಕಿದ್ರು. ಎರಡನೇ ಸಲ ರೀಚಾರ್ಜಿಗೆ. ಹಾಕಿದ್ರು. ಕೇಳೋದು ಅಭ್ಯಾಸ ಆಯ್ತು. ಆಮೇಲೆ ಶೂ, ಬರ್ತ್‌ಡೇ ಪಾರ್ಟಿ. ಬ್ರೇಕ್ ಇಲ್ಲ. 3,000 ತೀರಾ ಕಮ್ಮಿ, 8,700 ತೀರಾ ಜಾಸ್ತಿ. ಒಂದೇ ಮನೆ, ಒಂದೇ ತಿಂಗಳು, ಎರಡೂ ತಪ್ಪು ಒಟ್ಟಿಗೇ ಆಗಿತ್ತು.

ಇನ್ನು ಸಾಲ. ಗೆಳೆಯರ ಜೊತೆ ಗೋಕರ್ಣಕ್ಕೆ ಹೋಗೋ ಪ್ಲಾನ್ ಆಗಿತ್ತು. ಹದಿನೈದನೇ ಸಲ ಅಪ್ಪನ್ನ ಕೇಳೋಕೆ ನಾಚಿಕೆ. ಮೊಬೈಲಲ್ಲಿ ಒಂದು ಜಾಹೀರಾತು ಕಂಡಿತು: ಐದು ನಿಮಿಷದಲ್ಲಿ ಸಾಲ. 5,000 ಅಂತ ಒತ್ತಿದ. ಅದು ಇದು ಚಾರ್ಜು ಅಂತ ಹಿಡಿದು ಕೈಗೆ ಬಂದದ್ದು 3,500. ಏಳು ದಿನಕ್ಕೆ ವಾಪಸ್ ಕಟ್ಟಬೇಕಾದ್ದು 5,000. 3,500ಕ್ಕೆ ವಾರಕ್ಕೆ 1,500 ಬಡ್ಡಿ! ನೂರಕ್ಕೆ ಹತ್ತಿರಹತ್ತಿರ 43 ರೂಪಾಯಿ, ಅದೂ ಒಂದು ವಾರಕ್ಕೆ. ನಮ್ಮೂರ ಮೀಟರ್ ಬಡ್ಡಿಯವರೂ ಇವರ ಮುಂದೆ ನಾಚ್ಕೋಬೇಕು.

ಇಲ್ಲಿ ಎರಡು ವಿಷಯ ಪ್ರತಿ ಮನೆಗೂ ಗೊತ್ತಿರಬೇಕು. ಡಿಜಿಟಲ್ ಸಾಲದ ಬಗ್ಗೆ ರಿಸರ್ವ್ ಬ್ಯಾಂಕ್ 2022ರ ಸೆಪ್ಟೆಂಬರ್‌ನಲ್ಲೇ ನಿಯಮ ಮಾಡಿದೆ. ಸಾಲ ಕೊಡೋ ಆ್ಯಪ್ ನಿಮ್ಮ ಫೋನಲ್ಲಿರೋ ನಂಬರ್‌ಗಳ ಪಟ್ಟಿ, ಫೋಟೊ ಮುಟ್ಟೋ ಹಾಗಿಲ್ಲ. ಬಡ್ಡಿ, ಚಾರ್ಜು ಎಲ್ಲಾ ಮೊದಲೇ ಬರೆದು ತೋರಿಸಬೇಕು. ಅಪ್ಪ, ಅಮ್ಮ, ಲೆಕ್ಚರರ್ ಅಂತ ಸಿಕ್ಕಸಿಕ್ಕವರಿಗೆ ಫೋನ್ ಮಾಡಿ ಬೆದರಿಸ್ತಿದ್ದಾರೆ ಅಂದ್ರೆ, ಅದು ಕಾನೂನು ಪಾಲಿಸೋ ಆ್ಯಪ್ ಅಲ್ಲ. ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಠಾಣೆಗೆ ಹೋಗಿ. ಎರಡನೇದು, ದುಡ್ಡು ಕಟ್ಟಿ ಆಡೋ ಆನ್‌ಲೈನ್ ಆಟ. 2025ರ ಆಗಸ್ಟ್‌ನಲ್ಲಿ ಸಂಸತ್ತು ಇದನ್ನ ನಿಷೇಧಿಸೋ ಕಾಯ್ದೆ ಮಾಡಿದೆ. 'ಸ್ವಲ್ಪ ಹಾಕಿದ್ರೆ ಡಬಲ್ ಆಗುತ್ತೆ' ಅನ್ನೋ ಗೆಳೆಯ ಪಕ್ಕದ ರೂಮಲ್ಲೇ ಇರ್ತಾನೆ, ಎಚ್ಚರ.

ಈಗ ಅಸಲು ಪ್ರಶ್ನೆಗೆ ಬರೋಣ. ಎಷ್ಟು ಕೊಡಬೇಕು?

ಮೂರು ಭಾಗ ಮಾಡಿ. ಕಾಲೇಜ್ ಫೀಸು, ಪರೀಕ್ಷೆ ಫೀಸು, ಪುಸ್ತಕ: ಇದು ಕೈಖರ್ಚಲ್ಲ. ರಸೀದಿ ನೋಡಿ ನೀವೇ ಕಟ್ಟಿ. ಎರಡನೇದು ಬದುಕೋ ಖರ್ಚು: ನಾನು ಮೇಲೆ ಬರೆಸಿದ ಪಟ್ಟಿ. ಇದನ್ನ ಮಕ್ಕಳ ಕೈಲೇ ಬರೆಸಿ, ಆಗ ಅವರಿಗೂ ಗೊತ್ತಾಗುತ್ತೆ. ಹೆಣ್ಣುಮಕ್ಕಳ ಪಟ್ಟೀಲಿ ಪ್ಯಾಡ್ ಖರ್ಚು ಸೇರಿಸಿ, ಅದನ್ನ ಕೇಳೋಕೆ ಮಗು ಮುಜುಗರ ಪಡಬಾರದು. ಶಕ್ತಿ ಯೋಜನೆ ಬಂದ ಮೇಲೆ, ಅಂದ್ರೆ 2023ರ ಜೂನ್ 11ರಿಂದ, ಸರ್ಕಾರಿ ಸಾಮಾನ್ಯ ಬಸ್ಸಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ. ಒಳ್ಳೇದು, ಉಳೀತು. ಹಾಗಂತ ಕತ್ತಲಾದ ಮೇಲೆ ಆಟೋಗೆ ಬೇಕಾಗೋ ದುಡ್ಡನ್ನ ಕಟ್ ಮಾಡಬೇಡಿ.

ಮೂರನೇದು ನಿಜವಾದ ಕೈಖರ್ಚು. ಸಿನಿಮಾ, ಟೀ, ಗೆಳೆಯನ ಬರ್ತ್‌ಡೇ, ಏನಾದ್ರೂ ಆಗಲಿ. ಇದಕ್ಕೆ ಲೆಕ್ಕ ಕೇಳಬೇಡಿ.

ಯಾಕೆ ಕೇಳಬಾರದು? ನನ್ನದೇ ಕಥೆ ಹೇಳ್ತೀನಿ. ನಾನು ಮೈಸೂರಲ್ಲಿ ಓದುವಾಗ ಅಪ್ಪ ತಿಂಗಳಿಗೆ 300 ರೂಪಾಯಿ ಮನಿಯಾರ್ಡರ್ ಮಾಡೋರು. ರೂಮು, ಮೆಸ್ಸು, ಬಸ್ಸು ಎಲ್ಲದಕ್ಕೂ ಸರಿಯಾಗಿ ಲೆಕ್ಕ. ಒಂದು ರೂಪಾಯಿ ನನ್ನದು ಅಂತ ಇರ್ತಿರಲಿಲ್ಲ. ಒಂದು ಸಲ ಗೆಳೆಯರಿಗೆ ಹೋಟೆಲಲ್ಲಿ ಕೊಡಿಸೋ ಸರದಿ ನನ್ನದು. ಊರಿಗೆ ಕಾಗದ ಬರೆದೆ: ಪರೀಕ್ಷೆ ಫೀಸು, 150 ರೂಪಾಯಿ ಅರ್ಜೆಂಟ್. ಬಂತು. ಎಲ್ಲರೂ ತಿಂದ್ವಿ, ಸೆಕೆಂಡ್ ಶೋ ನೋಡಿದ್ವಿ. ಮುಂದಿನ ರಜೆಗೆ ಊರಿಗೆ ಹೋದಾಗ ಹಾಲಿನ ಡೈರಿಯ ಪುಸ್ತಕ ಕಣ್ಣಿಗೆ ಬಿತ್ತು. ಆ ವಾರದ ಬಟವಾಡೆಯ ಮುಂದೆ, ಮುಂಗಡ 150 ಅಂತ ಬರೆದಿತ್ತು. ಆ ಸಲ ಮನೇಲಿ ಏನು ಬಿಟ್ಟಿದ್ರು, ಯಾವುದಕ್ಕೆ ಸಾಲ ಹೇಳಿದ್ರು, ನಾನು ಕೇಳಲಿಲ್ಲ. ಅಪ್ಪ ಹೋಗಿ ಹನ್ನೊಂದು ವರ್ಷ ಆಯ್ತು. ಇವತ್ತಿನವರೆಗೂ ಅವರಿಗೆ ಹೇಳೋಕೆ ಆಗಲಿಲ್ಲ.

ನನ್ನ ತಪ್ಪನ್ನ ಅಪ್ಪನ ತಲೆಗೆ ಕಟ್ಟಲ್ಲ. ಆದರೆ ಮೂವತ್ತು ರೂಪಾಯಿ 'ಇದು ನಿಂದು, ಏನಾದ್ರೂ ಮಾಡ್ಕೋ' ಅಂತ ಕೊಟ್ಟಿದ್ರೆ, ನಾನು ಆ 150ರ ಸುಳ್ಳು ಬರೀತಿರಲಿಲ್ಲ ಅನ್ಸುತ್ತೆ. ಪ್ರತಿ ಪೈಸೆಗೂ ಕಾರಣ ಕೇಳೋ ಮನೇಲಿ ಮಕ್ಕಳು ಕಾರಣ ಹುಟ್ಟಿಸೋದನ್ನ ಕಲೀತಾರೆ. ಹದಿನೆಂಟು ತುಂಬಿದವನಿಗೆ ಈ ದೇಶ ವೋಟ್ ಹಾಕೋಕೆ ಬಿಟ್ಟಿದೆ. ತಿಂಗಳಿಗೆ ಒಂದಿಷ್ಟು ದುಡ್ಡು ತನ್ನಿಷ್ಟದಂತೆ ಖರ್ಚು ಮಾಡೋಕೆ ನೀವು ಬಿಡಲ್ವಾ?

ಈ ಮೂರನೇ ಭಾಗ ಎಷ್ಟಿರಬೇಕು ಅನ್ನೋದಕ್ಕೆ ಮಾರ್ಕೆಟ್ ರೇಟ್ ಇಲ್ಲ. ನಿಮ್ಮ ಮನೆ ತಡೆಯುವಷ್ಟು. ಪಕ್ಕದ ಬೆಂಚಿನವನ ಅಪ್ಪ ಕೊಡುವಷ್ಟು ಅಲ್ಲ. ಹಾಸ್ಟೆಲ್ ಸೀಟ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ವಿದ್ಯಾಸಿರಿ ಯೋಜನೆ ಶುರುವಾದಾಗ ಸರ್ಕಾರ ಕೊಟ್ಟದ್ದು ಊಟ, ವಸತಿ ಎರಡಕ್ಕೂ ಸೇರಿ ತಿಂಗಳಿಗೆ 1,500, ಅದೂ ವರ್ಷಕ್ಕೆ ಹತ್ತೇ ತಿಂಗಳು. ಅದನ್ನ ನಂಬಿಕೊಂಡು ಓದಿದವರು ಇದೇ ಊರಲ್ಲಿದ್ದಾರೆ. ಇದನ್ನ ಮಕ್ಕಳನ್ನ ಹಂಗಿಸೋಕೆ ಹೇಳ್ಬೇಡಿ, ಗೊತ್ತಿರಲಿ ಅಂತ ಹೇಳಿ. ಜೊತೆಗೆ ಮನೆಯ ಆದಾಯ ಎಷ್ಟು, ಸಾಲ ಎಷ್ಟು, ಅದನ್ನೂ ಹೇಳಿ. ನಾವು ಮಕ್ಕಳಿಗೆ ಎಲ್ಲಾ ಹೇಳ್ತೀವಿ, ಇದೊಂದನ್ನ ಬಿಟ್ಟು. ಕೊಬ್ಬರಿ ಬೆಲೆ ಬಿದ್ದಿದ್ದು ಮಗನಿಗೆ ಗೊತ್ತಿಲ್ಲ ಅಂದ್ರೆ, ಅಪ್ಪನ ಜೇಬು ಅವನಿಗೆ ಎಟಿಎಂ ಹಾಗೇ ಕಾಣುತ್ತೆ.

ಇನ್ನೊಂದು ಪರೀಕ್ಷೆ. ಮನೇಲಿ ಅಮ್ಮ ಯಾರನ್ನೂ ಕೇಳದೆ, ತನಗೋಸ್ಕರ ಅಂತ ತಿಂಗಳಿಗೆ ಎಷ್ಟು ಖರ್ಚು ಮಾಡ್ತಾರೆ? ಮಕ್ಕಳ ಕೈಖರ್ಚು ಅದಕ್ಕಿಂತ ಜಾಸ್ತಿ ಇದ್ರೆ ಮಕ್ಕಳ ಜೊತೆ ಕೂತು ಒಂದು ಸಲ ಮಾತಾಡಿ. ಅಮ್ಮಂದು ಸೊನ್ನೆ ಅಂತೀರಾ? ಹಾಗಾದ್ರೆ ಅದಕ್ಕೆ ಇನ್ನೊಂದು ದಿನ ಕಾರ್ಯಕ್ರಮ ಮಾಡೋಣ!

ಕೊಡೋ ರೀತಿ ಹೇಗೆ? ತಿಂಗಳಿಗೆ ಒಂದೇ ಸಲ, ಒಂದೇ ತಾರೀಕು. ಮಧ್ಯೆ ಖಾಲಿಯಾದ್ರೆ ಖಾಲಿ. ಇಪ್ಪತ್ತೆರಡನೇ ತಾರೀಕು ಜೇಬು ಬರಿದಾಗಿ ಎಂಟು ದಿನ ಪೀಜಿ ಊಟದಲ್ಲೇ ಕಳೆದವನಿಗೆ ಮುಂದಿನ ತಿಂಗಳು ಯಾರೂ ಪಾಠ ಹೇಳಬೇಕಾಗಿಲ್ಲ. ಪಿಯುಸಿ ಮಕ್ಕಳಾದ್ರೆ 2024ರಲ್ಲಿ ಬಂದ ಯುಪಿಐ ಸರ್ಕಲ್ ಅನ್ನೋ ವ್ಯವಸ್ಥೆ ನೋಡಿ. ಮಗು ತನ್ನ ಫೋನಿಂದ ಪಾವತಿ ಮಾಡುತ್ತೆ, ದುಡ್ಡು ನಿಮ್ಮ ಖಾತೆಯಿಂದ ಹೋಗುತ್ತೆ. ಪ್ರತಿ ಸಲ ನೀವು ಒಪ್ಪಿಗೆ ಕೊಡಬಹುದು, ಇಲ್ಲವೇ ತಿಂಗಳ ಮಿತಿ ಹಾಕಬಹುದು. ಆದರೆ ಡಿಗ್ರಿ ಮಕ್ಕಳಿಗೆ ಇದು ಬೇಡ. ಅವನು ಕುಡಿದ ಪ್ರತಿ ಟೀಗೂ ನಿಮ್ಮ ಫೋನ್ 'ಟಿಣ್' ಅಂದ್ರೆ ಅದು ಕೈಖರ್ಚಲ್ಲ, ಕಾವಲು.

ಇನ್ನು ಕಾಯಿಲೆ, ಅಪಘಾತ ಅಂದ್ರೆ ಈ ನಿಯಮ ಯಾವುದೂ ಇಲ್ಲ. ಅದಕ್ಕೆ ಅಂತ ಒಂದೆರಡು ಸಾವಿರ ಮಗುವಿನ ಖಾತೇಲಿ ಬೇರೆ ಇಟ್ಟಿರಿ.

ಕೊನೇ ಮಾತು, ಇದು ಎಲ್ಲಕ್ಕಿಂತ ಮುಖ್ಯ. ಮಕ್ಕಳಿಗೆ ಇವತ್ತೇ ಹೇಳಿ: 'ಸಾಲ ಮಾಡಿ ಸಿಕ್ಕಿಹಾಕ್ಕೊಂಡ್ರೆ ಮೊದಲು ನಮಗೆ ಹೇಳು. ಬೈಯೋದು ಆಮೇಲೆ. ಮೊದಲು ನಿನ್ನ ಜೊತೆ ನಿಲ್ತೀವಿ.' ಸಾಲದ ಆ್ಯಪಿನವರು ಬದುಕಿರೋದು ಮಕ್ಕಳ ಭಯದ ಮೇಲೆ. ಅಪ್ಪನಿಗೆ ಗೊತ್ತಾದ್ರೆ ಏನು ಗತಿ ಅನ್ನೋ ಭಯ. ಅಪ್ಪನಿಗೆ ಆಗಲೇ ಗೊತ್ತಿದೆ ಅಂದ ದಿನ ಅವರ ಅರ್ಧ ಬಲ ಹೋಯ್ತು.

ತಿಪಟೂರಿನ ಆ ಯಜಮಾನ್ರು ಹಾಗೇ ಮಾಡಿದ್ರು. ಬೆಂಗಳೂರಿಗೆ ಬಂದು, ಮಗನನ್ನ ಕರ್ಕೊಂಡು ಠಾಣೆಗೆ ಹೋಗಿ ದೂರು ಕೊಟ್ರು. ದಾರೀಲಿ ಒಂದು ಮಾತೂ ಆಡಲಿಲ್ಲವಂತೆ. ಬರುವಾಗ ಇಬ್ಬರೂ ಒಟ್ಟಿಗೆ ಊಟ ಮಾಡಿದ್ರಂತೆ. 3,840ಕ್ಕೆ ಇನ್ನೊಂದು ಸಾವಿರ ಕೈಖರ್ಚು ಸೇರಿಸಿ, ಸುತ್ತು ಮಾಡಿ ತಿಂಗಳಿಗೆ 5,000 ಅಂತ ಅಲ್ಲೇ ಮಾತಾಡಿಕೊಂಡ್ರು. ಮೊನ್ನೆ ಮತ್ತೆ ಫೋನ್ ಮಾಡಿದ್ರು. 'ಸಾರ್, ಹುಡುಗ ಮೂವತ್ತನೇ ತಾರೀಕು ಫೋನ್ ಮಾಡಿದ್ದ. ದುಡ್ಡು ಕೇಳ್ತಾನೇನೋ ಅನ್ಕೊಂಡೆ. 140 ರೂಪಾಯಿ ಉಳಿದೈತಪ್ಪಾ ಅಂದ.'

8,700 ಕೊಟ್ಟಾಗ ಸಿಗದ ನೆಮ್ಮದಿ ಆ 140 ರೂಪಾಯೀಲಿ ಸಿಕ್ಕಿತ್ತು.

ಇವತ್ತು ರಾತ್ರಿ ಊಟ ಆದ ಮೇಲೆ ನೀವೂ ಫೋನ್ ತೆಗೀರಿ. ಹೋದ ತಿಂಗಳು ಮಗನಿಗೆ, ಮಗಳಿಗೆ ಹಾಕಿದ್ದನ್ನ ಕೂಡಿ. ಎಷ್ಟು ಕೊಡಬೇಕು ಅಂತ ನನ್ನ ಕೇಳೋದು ಆಮೇಲಿರಲಿ. ಎಷ್ಟು ಕೊಡ್ತಿದೀರಿ ಅಂತ ಮೊದಲು ನಿಮಗೆ ಗೊತ್ತಾಗಲಿ.