ಗಡಿ ದಾಟಿ ಬೆಂಗಳೂರಿನಲ್ಲಿ ಮನೆ ಮಾಡುವ ಮುನ್ನ

ನಮ್ಮ ಸಂಘದಲ್ಲಿ ಗಡಿಯ ಈಚೆಗಿನ ಸದಸ್ಯರಿದ್ದಾರೆ. ಆಚೆಗಿನ ಕಾಸರಗೋಡು, ಮಂಜೇಶ್ವರದ ಸದಸ್ಯರೂ ಇದ್ದಾರೆ. ತೋಟ ಒಂದೇ ತೆರ, ಮಾತು ಒಂದೇ ತೆರ. ಆದರೆ 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ಕಾಗದಪತ್ರಗಳ ಮಟ್ಟಿಗೆ ನಾವು ಎರಡು ರಾಜ್ಯದವರು. ಚಂದ್ರಗಿರಿ ಹೊಳೆಯ ಉತ್ತರದ ಭಾಗವು ಮೈಸೂರು ರಾಜ್ಯಕ್ಕೆ ಸೇರತಕ್ಕದ್ದೆಂದು 1967ರಲ್ಲಿ ಮಹಾಜನ ಆಯೋಗವು ಶಿಫಾರಸು ಮಾಡಿತ್ತಾದರೂ ಅದು ಜಾರಿಗೆ ಬರಲಿಲ್ಲ.

ಎಲೆಚುಕ್ಕಿ ರೋಗ, ಕೊಯ್ಲಿಗೆ ಆಳು ಸಿಗದ ಕಷ್ಟ, ಬೆಂಗಳೂರಿನಲ್ಲಿ ಮಕ್ಕಳ ಉದ್ಯೋಗ ಇತ್ಯಾದಿ ಕಾರಣಗಳಿಂದ ಆಚೆಗಿನ ಕೆಲವು ಸದಸ್ಯರು ಬೆಂಗಳೂರಿಗೆ ಸಂಸಾರ ಸಾಗಿಸುವ ಆಲೋಚನೆಯಲ್ಲಿದ್ದಾರೆ. ಅವರ ಕಣ್ಣು ಹೆಚ್ಚಾಗಿ ನಗರದ ಉತ್ತರ ಭಾಗದ ಮೇಲೆ. ಮಂಗಳೂರಿನಿಂದ ಘಟ್ಟ ಹತ್ತಿದ ಬಸ್ಸು ನೆಲಮಂಗಲ ದಾಟಿ ಯಶವಂತಪುರದ ಕಡೆಯಿಂದಲೇ ಊರು ಹೊಗುತ್ತದೆ. ಹೆಬ್ಬಾಳ, ಯಲಹಂಕದ ದಾರಿಯಲ್ಲಿ ವಿಮಾನ ನಿಲ್ದಾಣವಿದೆ, ಕೃಷಿ ವಿಶ್ವವಿದ್ಯಾನಿಲಯವಿದೆ, ಮಕ್ಕಳು ದುಡಿಯುವ ಕಂಪೆನಿಗಳಿವೆ.

“ಕನ್ನಡ ನಾಡಿಗೆ ಹೋಗುವುದಕ್ಕೆ ತಯಾರಿ ಯಾಕೆ?” ಎಂದು ಕೆಲವರು ಕೇಳುತ್ತಾರೆ. ಭಾಷೆ ನಮ್ಮೊಡನೆ ಬರುತ್ತದೆ, ಕಾಗದ ಬರುವುದಿಲ್ಲ. ಆದುದರಿಂದ ಈ ಕೆಲವು ಸಂಗತಿಗಳನ್ನು ಸದಸ್ಯರ ಗಮನಕ್ಕೆ ತರಬಯಸುತ್ತೇವೆ.

ಮಕ್ಕಳ ಓದು

ಎಲ್ಲಕ್ಕಿಂತ ಮುಖ್ಯವಾದುದು ಇದು. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಮೂಲಕ ಇಂಜಿನಿಯರಿಂಗ್, ವೈದ್ಯಕೀಯ, ಕೃಷಿ ಪದವಿಗಳ ಸರಕಾರಿ ಸೀಟು ದೊರೆಯಬೇಕಾದರೆ, ಸಾಮಾನ್ಯ ನಿಯಮದಂತೆ ವಿದ್ಯಾರ್ಥಿಯು ಒಂದರಿಂದ ಹನ್ನೆರಡನೇ ತರಗತಿಯೊಳಗೆ ಕನಿಷ್ಠ 7 ವರ್ಷ ಕರ್ನಾಟಕದಲ್ಲಿ ಓದಿರಬೇಕು. ಹತ್ತನೆಯದನ್ನೋ ಹನ್ನೆರಡನೆಯದನ್ನೋ ಅಲ್ಲೇ ತೇರ್ಗಡೆಯಾಗಿರಬೇಕು. ಇದಲ್ಲದೆ ಗಡಿನಾಡ ಕನ್ನಡಿಗರಿಗೆ ಬೇರೊಂದು ದಾರಿಯಿದೆ. ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲೂಕುಗಳ ನಿವಾಸಿಯಾಗಿ, ಕನ್ನಡ, ತುಳು ಅಥವಾ ಕೊಡವ ಮಾತೃಭಾಷೆಯಾಗಿದ್ದು, ಆ ಪ್ರದೇಶದಲ್ಲೇ 7 ವರ್ಷ ಓದಿ, ಹತ್ತನ್ನೋ ಹನ್ನೆರಡನ್ನೋ ಅಲ್ಲೇ ತೇರ್ಗಡೆಯಾದವರು ಕನ್ನಡ ಭಾಷಾ ಪರೀಕ್ಷೆ ಬರೆದು ಅರ್ಹರಾಗಬಹುದು.

ಇನ್ನು ಲೆಕ್ಕ ಹಾಕಿ ನೋಡಿ. ಆರನೇ ತರಗತಿಗೆ ಬೆಂಗಳೂರಿಗೆ ಸೇರಿದ ಮಗುವಿಗೆ ಹನ್ನೆರಡರ ಹೊತ್ತಿಗೆ ಸರಿಯಾಗಿ 7 ವರ್ಷ ಆಗುತ್ತದೆ. ಏಳನೇ ತರಗತಿಗೆ ಸೇರಿಸಿದರೆ ಅಲ್ಲಿ 6, ಇಲ್ಲಿ 6. ಎರಡೂ ಕಡೆ ಒಂದೊಂದು ವರ್ಷ ಕಡಿಮೆ. ಎಂಟಕ್ಕೋ ಒಂಬತ್ತಕ್ಕೋ ಸೇರಿಸಿದರೆ ಊರಿನಲ್ಲಿ 7 ವರ್ಷ ಆಗಿದ್ದರೂ ಹತ್ತು, ಹನ್ನೆರಡು ಎರಡೂ ಬೆಂಗಳೂರಿನಲ್ಲಿ ಆಗುವುದರಿಂದ ಗಡಿನಾಡ ದಾರಿಯೂ ಮುಚ್ಚುತ್ತದೆ. ಆದುದರಿಂದ ಆರನೇ ತರಗತಿಗೆ ಮುಂಚೆ ಹೋಗುವುದು, ಇಲ್ಲವೇ ಹತ್ತನೇ ತರಗತಿ ಮುಗಿಸಿ ಹೋಗುವುದು ಕ್ಷೇಮ.

ನಡುವೆ ಹೋಗಲೇಬೇಕಾದವರಿಗೆ ಮೂರನೆಯ ದಾರಿಯೊಂದಿದೆ. ತಂದೆ ಅಥವಾ ತಾಯಿ ಕರ್ನಾಟಕದಲ್ಲಿ 7 ವರ್ಷ ಓದಿದ್ದು, ಮಗು ಎರಡು ವರ್ಷದ ಪಿ.ಯು.ಸಿ.ಯನ್ನು ಕರ್ನಾಟಕದಲ್ಲಿ ಓದಿದರೆ ಅರ್ಹತೆ ಬರುತ್ತದೆ. ಪುತ್ತೂರು, ಸುಳ್ಯ, ವಿಟ್ಲದ ಕಡೆಯಿಂದ ಮದುವೆಯಾಗಿ ಬಂದ ತಾಯಂದಿರು ನಮ್ಮಲ್ಲಿ ಬಹಳ ಮಂದಿ. ಅವರ ಹಳೆಯ ಶಾಲೆಯಿಂದ ವ್ಯಾಸಂಗ ಪ್ರಮಾಣಪತ್ರವನ್ನು ಈಗಲೇ ತರಿಸಿ ಇಡಿ. ಆಯಾ ವರ್ಷದ ಪ್ರಾಧಿಕಾರದ ಪುಸ್ತಿಕೆಯನ್ನು ಓದಿಯೇ ಮುಂದಿನ ತೀರ್ಮಾನ ಮಾಡತಕ್ಕದ್ದು.

ಜಾತಿ ಪ್ರಮಾಣಪತ್ರ

ಮೀಸಲಾತಿ ಪಟ್ಟಿಗಳು ರಾಜ್ಯ ರಾಜ್ಯಕ್ಕೆ ಬೇರೆ. ಒಂದು ರಾಜ್ಯದಲ್ಲಿ ಪಡೆದ ಪರಿಶಿಷ್ಟ ವರ್ಗದ ಸೌಲಭ್ಯವನ್ನು ಇನ್ನೊಂದು ರಾಜ್ಯಕ್ಕೆ ವಲಸೆ ಹೋದವರು ಅಲ್ಲಿ ಕೇಳುವಂತಿಲ್ಲವೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವು 1990ರಲ್ಲೇ ತೀರ್ಪಿತ್ತಿದೆ. ಜಾತಿಯ ಹೆಸರು ಎರಡೂ ಪಟ್ಟಿಗಳಲ್ಲಿದ್ದ ಮಾತ್ರಕ್ಕೆ ಸಾಲದು. ಇದನ್ನು ನಂಬಿ ಮಕ್ಕಳ ಭವಿಷ್ಯದ ಲೆಕ್ಕ ಹಾಕಿದವರು ಮೊದಲೇ ವಿಚಾರಿಸುವುದು ಒಳ್ಳೆಯದು.

ಮನೆ, ನಿವೇಶನ, ನೀರು

ಬೆಂಗಳೂರಿನಲ್ಲಿ ಬಾಡಿಗೆಯಲ್ಲದೆ ‘ಭೋಗ್ಯ’ದ ಪದ್ಧತಿಯೂ ಇದೆ. ದೊಡ್ಡ ಮೊತ್ತವನ್ನು ಮಾಲೀಕರ ಕೈಗೆ ಕೊಟ್ಟು ಬಾಡಿಗೆಯಿಲ್ಲದೆ ವಾಸಿಸುವ ಕ್ರಮ ಇದು. ಆ ಮನೆಯ ಮೇಲೆ ಬ್ಯಾಂಕಿನ ಸಾಲವಿದ್ದು ಅದು ಹರಾಜಿಗೆ ಬಂದರೆ ಅಡಿಕೆ ಮಾರಿದ ದುಡ್ಡು ಕಷ್ಟಕ್ಕೆ ಸಿಲುಕುತ್ತದೆ. ಋಣಭಾರ ಪ್ರಮಾಣಪತ್ರ ನೋಡದೆ, ಕರಾರು ನೋಂದಣಿ ಮಾಡಿಸದೆ ಹಣ ಕೊಡಬೇಡಿ.

ನಿವೇಶನ ಕೊಳ್ಳುವವರು ಇ-ಖಾತೆಯನ್ನು ಕೇಳಿ ಪಡೆಯಿರಿ. 2025ರ ಸೆಪ್ಟೆಂಬರಿನಿಂದ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಬದಲಿಗೆ ಐದು ನಗರಪಾಲಿಕೆಗಳಾಗಿವೆ. ತಮ್ಮ ಮನೆ ಯಾವುದಕ್ಕೆ ಸೇರಿದ್ದೆಂದು ತಿಳಿದಿರಲಿ. ಯಲಹಂಕದಾಚೆ ಕೃಷಿಭೂಮಿ ನೋಡುವವರು ಒಂದು ಮಾತು ನೆನಪಿಡಿ. ಕೃಷಿಕರಲ್ಲದವರಿಗಿದ್ದ ನಿರ್ಬಂಧ 2020ರ ತಿದ್ದುಪಡಿಯಲ್ಲಿ ಹೋಗಿದೆ. ಆದರೆ ಪರಿಶಿಷ್ಟರಿಗೆ ಸರಕಾರ ಮಂಜೂರು ಮಾಡಿದ ಜಮೀನನ್ನು ಅನುಮತಿಯಿಲ್ಲದೆ ಕೊಂಡರೆ 1978ರ ಕಾಯಿದೆಯಂತೆ ಅದು ಕೊಂಡವರ ಕೈತಪ್ಪುತ್ತದೆ.

ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜ. ಹೊರವಲಯದ ಎಷ್ಟೋ ಬಡಾವಣೆಗಳು ಕೊಳವೆಬಾವಿ, ಟ್ಯಾಂಕರುಗಳನ್ನೇ ನಂಬಿದ್ದವು. 2024ರ ಬೇಸಗೆಯಲ್ಲಿ ಅವರ ಪಾಡು ಎಲ್ಲರಿಗೂ ತಿಳಿದದ್ದೇ. ನಗರಕ್ಕೆ ಸೇರಿದ 110 ಹಳ್ಳಿಗಳಿಗಾಗಿ ಕಾವೇರಿ ಐದನೇ ಹಂತವು ಆ ವರ್ಷದ ಅಕ್ಟೋಬರಿನಲ್ಲಿ ಆರಂಭವಾಗಿದೆ. ಆದರೂ ತಾವು ನೋಡಿದ ಮನೆಗೆ ಸಂಪರ್ಕ ಬಂದಿದೆಯೇ ಎಂದು ನಲ್ಲಿ ತಿರುಗಿಸಿಯೇ ನೋಡಿ. ಮನೆ ನೋಡುವುದು ಮಾರ್ಚ್, ಏಪ್ರಿಲಿನಲ್ಲಿ; ಮಳೆಗಾಲದಲ್ಲಲ್ಲ.

ವಾಹನ, ಮತ

ಕೆ.ಎಲ್. 14ರ ವಾಹನವು 12 ತಿಂಗಳಿಗಿಂತ ಹೆಚ್ಚು ಕರ್ನಾಟಕದಲ್ಲಿದ್ದರೆ ಹೊಸ ನಂಬರು ಪಡೆಯಬೇಕು. ಕಾಸರಗೋಡಿನ ಸಾರಿಗೆ ಕಛೇರಿಯಿಂದ ನಿರಾಕ್ಷೇಪಣಾ ಪತ್ರ ತರಬೇಕು, ಇಲ್ಲಿನ ತೆರಿಗೆ ಕಟ್ಟಬೇಕು. ಆ ಖರ್ಚು ನೋಡಿದರೆ ಹಳೆಯ ಜೀಪನ್ನು ತೋಟದಲ್ಲೇ ಬಿಡುವುದು ಲಾಭ. ಮತದಾರರ ಪಟ್ಟಿಯಲ್ಲಿ ಹೆಸರು ಒಂದೇ ಕಡೆ ಇರತಕ್ಕದ್ದು. ಬದಲಾವಣೆಗೆ 8ನೇ ನಮೂನೆ.

ತೋಟ ಮತ್ತು ಸಂಘ

ಹೋದ ಮೊದಲ ವರ್ಷವೇ ತೋಟ ಮಾರಬೇಡಿ. ಹಾಗೆಂದು ದೂರದಲ್ಲಿ ಕುಳಿತು ನೋಡಿಕೊಳ್ಳುವುದೂ ಸುಲಭವಲ್ಲ. ಕೊಳೆರೋಗಕ್ಕೆ ಮಳೆ ಹಿಡಿಯುವ ಮುನ್ನ ಒಮ್ಮೆ, 40–45 ದಿನ ಕಳೆದು ಇನ್ನೊಮ್ಮೆ ಬೋರ್ಡೋ ದ್ರಾವಣ ಬೀಳಲೇಬೇಕು. ಬೇಸಗೆಯಲ್ಲಿ ನೀರು ತಪ್ಪಬಾರದು. ಈ ಎರಡು ಹೊತ್ತಿಗಾದರೂ ಮನೆಯವರೊಬ್ಬರು ಊರಿನಲ್ಲಿರಲಿ. ವಿಲ್ಲೇಜ್ ಆಫೀಸಿನ ಭೂತೆರಿಗೆ ಬಾಕಿಯಾಗದಿರಲಿ. ಸಂಘದ ಪುಸ್ತಕದಲ್ಲಿ ಹೊಸ ವಿಳಾಸ, ನಾಮಿನಿಯ ಹೆಸರು ಬರೆಸಿ ಹೋಗಿ.

ಕೊನೆಯದಾಗಿ ಒಂದು ಮಾತು. ಗಡಿಯಾಚೆಯ ಶಾಲೆಗಳಲ್ಲಿ ಕನ್ನಡ ವಿಭಾಗ ಉಳಿಯುವುದು ಮಕ್ಕಳ ಸಂಖ್ಯೆಯ ಮೇಲೆ. ಒಂದು ಸಂಸಾರ ಹೊರಟಾಗ ಎರಡು ಮಕ್ಕಳ ಹೆಸರು ಹಾಜರಿ ಪುಸ್ತಕದಿಂದ ಹೋಗುತ್ತದೆ, ನಾಲ್ಕು ಮತ ಪಂಚಾಯತಿನಿಂದ ಹೋಗುತ್ತದೆ. ಹೋಗಬೇಡಿ ಎನ್ನುವ ಅಧಿಕಾರ ನಮಗಿಲ್ಲ. ಪ್ರತಿಯೊಬ್ಬರ ಕಷ್ಟ ಅವರವರಿಗೇ ಗೊತ್ತು. ಆದರೆ ಹತ್ತನೇ ತರಗತಿಯವರೆಗೆ ಮಕ್ಕಳನ್ನು ಊರಿನ ಕನ್ನಡ ಶಾಲೆಯಲ್ಲೇ ಓದಿಸಿ ಆ ಮೇಲೆ ಹೊರಟರೆ ಮಗುವಿನ ಅರ್ಹತೆಯೂ ಉಳಿಯುತ್ತದೆ, ಶಾಲೆಗೂ ಅಷ್ಟು ವರ್ಷದ ಉಸಿರು ಸಿಗುತ್ತದೆ ಎಂಬುದನ್ನು ಸದಸ್ಯರು ಮನೆಯವರೊಡನೆ ಕುಳಿತು ಯೋಚಿಸಬೇಕೆಂದು ವಿನಂತಿ.