ಬಾರ್ಲಿ ಚರಟಕ್ಕೂ ಬೆಲೆಯುಂಟು

ಅಲಾಸ್ಕದ ರಾಜಧಾನಿ ಜೂನೊಗೆ ಹೊರಗಿನಿಂದ ರಸ್ತೆಯೇ ಇಲ್ಲ. ಹಡಗು ಹತ್ತಬೇಕು, ಇಲ್ಲವೇ ವಿಮಾನ. ಅಲ್ಲಿ 1986ರಲ್ಲಿ ಮಾರ್ಸಿ ಮತ್ತು ಜೆಫ್ ಲಾರ್ಸನ್ ದಂಪತಿ 'ಅಲಾಸ್ಕನ್ ಬ್ರೂಯಿಂಗ್ ಕಂಪನಿ' ಎಂಬ ಬಿಯರ್ ಕಾರ್ಖಾನೆ ತೆರೆದರು. ಬಾರ್ಲಿಯೇನೋ ಹಡಗಿನಲ್ಲಿ ಬಂತು. ರಸ ಬಸಿದ ಮೇಲೆ ಉಳಿದ ಚರಟವನ್ನು ಏನು ಮಾಡುವುದು? ಬೇರೆ ಕಡೆಯಾದರೆ ಹತ್ತಿರದ ಕೊಟ್ಟಿಗೆಗಳಿಗೆ ಸಾಗುತ್ತಿತ್ತು. ಜೂನೊದಲ್ಲಿ ಕೊಟ್ಟಿಗೆ ಹುಡುಕುವುದೇ ಕಷ್ಟ.

ಅದು ಬೊಗಸೆಯಷ್ಟರ ಮಾತೂ ಅಲ್ಲ. 100 ಲೀಟರ್ ಬಿಯರಿಗೆ ಸುಮಾರು 20 ಕಿಲೊ ಹಸಿ ಚರಟ ಬೀಳುತ್ತದೆ. ಮೊಳೆ ಬರಿಸಿ ಒಣಗಿಸಿದ ಬಾರ್ಲಿಯನ್ನು ಒಡೆದು ಬಿಸಿನೀರಿಗೆ ಹಾಕಿದರೆ ಪಿಷ್ಟ ಸಕ್ಕರೆಯಾಗಿ ನೀರಿಗಿಳಿಯುತ್ತದೆ. ಹೊಟ್ಟು, ನಾರು, ಪ್ರೋಟೀನಿನ ಬಹುಪಾಲು ಉಳಿಯುತ್ತವೆ. ಆದರೆ ಈ ಚರಟದ ಮುಕ್ಕಾಲು ಪಾಲು ನೀರು. ಎರಡು ಮೂರು ದಿನ ಬಿಟ್ಟರೆ ಹುಳಿ ವಾಸನೆ, ಬೂಷ್ಟು.

ನಮ್ಮ ಆಲೆಮನೆಯವರು ಹಿಂಡಿದ ಕಬ್ಬಿನ ಸಿಪ್ಪೆಯನ್ನು ಬಿಸಿಲಿಗೆ ಹರವಿ ಕೊಪ್ಪರಿಗೆಯಡಿ ಉರಿಸುತ್ತಾರೆ. ಜೂನೊದವರ ಉಪಾಯವೂ ಅದೇ, ಆದರೆ ಅದು ಮಳೆಯೂರು. 1995ರಲ್ಲಿ ಅವರು ಒಣಗಿಸುವ ಯಂತ್ರ ಹಾಕಿ, ಒಣ ಚರಟದ ಒಂದು ಪಾಲನ್ನು ಆ ಯಂತ್ರಕ್ಕೇ ಉರುವಲಾಗಿಸಿದರು. ಮಿಕ್ಕದ್ದು ಮೇವಾಗಿ ಹಡಗೇರಿತು. ಮುಂದೆ ಸುಮಾರು 18 ಲಕ್ಷ ಡಾಲರಿನ ಬಾಯ್ಲರ್ ಬಂತು. ಸೌದೆ ಬೆರೆಸದೆ ಬರೀ ಚರಟದಿಂದ ಉರಿದು, ಅದರ ಹಬೆ ಮುಂದಿನ ಹಂಡೆಯನ್ನು ಕುದಿಸುತ್ತದೆ.

ದಾರಿಯಿಲ್ಲದ ಊರಿಗೆ ಇದು ಸರಿ. ಒಣ ತೂಕದಲ್ಲಿ ಐದನೇ ಒಂದು ಪಾಲು ಪ್ರೋಟೀನ್ ಇರುವುದನ್ನು ಬೆಂಗಳೂರಿನಲ್ಲಿ ಸುಟ್ಟರೆ ದಂಡ ಎಂದೇ ನನ್ನ ಎಣಿಕೆ. ಇಲ್ಲಿ ಅದನ್ನು ತಿನ್ನಲು ಹಸುಗಳಿವೆ, ಮನುಷ್ಯರೂ ಇದ್ದಾರೆ: 'ಸೇವಿಂಗ್ ಗ್ರೇನ್ಸ್' ಎಂಬ ಪುಟ್ಟ ಸಂಸ್ಥೆ ನಗರದ ಮೈಕ್ರೊಬ್ರೂವರಿಗಳ ಚರಟದಿಂದ ಹಿಟ್ಟು ಮಾಡುತ್ತದೆ. ಇಂಥ ಹಿಟ್ಟು ಕಂದುಬಣ್ಣದ್ದು, ನಾರು ಹೆಚ್ಚು. ಬರೀ ಅದರಿಂದಲೇ ಚಪಾತಿ ಲಟ್ಟಿಸಹೋದರೆ ಹರಿದೀತು, ಗೋಧಿ ಬೆರೆಸಲೇಬೇಕು.

ಅಣಬೆ ಬೇಸಾಯಕ್ಕೂ ಚರಟ ಒಗ್ಗುತ್ತದೆ. ಪ್ರಯೋಗಾಲಯಗಳಲ್ಲಿ ಅದರ ನಾರನ್ನು ಒಡೆದು ಕ್ಸೈಲೋಸ್ ಎಂಬ ಸಕ್ಕರೆ ತೆಗೆದು, ಯೀಸ್ಟಿನ ನೆರವಿನಿಂದ ಚ್ಯೂಯಿಂಗ್ ಗಮ್ಮಿಗೆ ಹಾಕುವ ಸಿಹಿ ಕ್ಸೈಲಿಟಾಲ್ ಮಾಡಿದ್ದಾರೆ. ಒಣಗಿಸುವ ತಾಪತ್ರಯವೇ ಬೇಡವೆನ್ನುವವರಿಗೆ ಬಯೋಗ್ಯಾಸ್ ಇದೆ, ಅಲ್ಲಿ ಹಸಿಯೇ ಬೇಕು. ಆದರೆ ಚರಟದಲ್ಲಿನ ಲಿಗ್ನಿನ್ ಎಂಬ ಗಡಸು ಅಂಶ ಬೇಗ ಕೊಳೆಯದು, ಪ್ರೋಟೀನ್ ಅತಿಯಾದರೆ ಅಮೋನಿಯಾ ಕೂಡಿಕೊಂಡು ಅನಿಲ ತಗ್ಗುತ್ತದೆ. ಅದಕ್ಕೇ ತೊಟ್ಟಿಗೆ ಸಗಣಿಯನ್ನೂ ಕಲಸಿ ಬಿಡುವುದು ಲೇಸು.